ಪುಕ್ಕಟೆ ಹಾಡು, ಬಿಲ್ ಯಾರ ಹೆಸರಿಗೆ?

ಓದುಗರ ಪತ್ರ: ‘ಕಂಪನಿಗಳ ದುಡ್ಡಿನಲ್ಲಿ ಹೊಸ ಹಾಡು ಹಂಚುವವರನ್ನು ಕಳೆದ ಸಂಚಿಕೆಯಲ್ಲಿ ನೀವು “ಮಾರಿಕೊಂಡವರು” ಎಂದು ಬರೆದಿರಿ. ನನ್ನ ಮಗ ಮತ್ತು ಅವನ ಮೂವರು ಗೆಳೆಯರು ಎರಡು ವರ್ಷ ಕೂತು ಐದು ಹಾಡು ಕಟ್ಟಿದ್ದಾರೆ. ಸ್ಟುಡಿಯೋಗೆ ಕೊಡಲು ಕಾಸಿಲ್ಲ. ತಂಪು ಪಾನೀಯದ ಕಂಪನಿಯೊಂದು ರೆಕಾರ್ಡಿಂಗ್ ಖರ್ಚು ಪೂರ್ತಿ ತನ್ನದೇ ಎನ್ನುತ್ತಿದೆ. ಹಾಡು ಎಲ್ಲರಿಗೂ ಪುಕ್ಕಟೆ ಸಿಗಬೇಕಂತೆ, ಅವರ ಹೆಸರು ಇರಬೇಕಂತೆ, ಅಷ್ಟೆ. ಮೈಸೂರಿನ ಅರಸರು ವಿದ್ವಾಂಸರಿಗೆ ಮಾಡಿದ್ದೂ ಇದನ್ನೇ ಅಲ್ಲವೇ? ಅರಸರು ಕೊಟ್ಟರೆ ಆಶ್ರಯ, ಕಂಪನಿ ಕೊಟ್ಟರೆ ಮಾರಾಟವೇ?’ – ಓದುಗರೊಬ್ಬರು, ಹುಬ್ಬಳ್ಳಿ

ಮಾನ್ಯರೇ,

‘ಮಾರಿಕೊಂಡವರು’ ಎಂದದ್ದು ದುಡುಕು. ಬರೆದವನು ನಾನೇ, ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದೇ ಸಂಚಿಕೆಯ ಹಿಂಬದಿಯ ರಕ್ಷಾಪುಟದಲ್ಲಿ ಅಡುಗೆ ಎಣ್ಣೆಯ ಜಾಹೀರಾತಿತ್ತು. ಅದಿಲ್ಲದಿದ್ದರೆ ನೀವು ಕೊಡುವ ಬೆಲೆಯಲ್ಲಿ ಪತ್ರಿಕೆಯ ಕಾಗದದ ಖರ್ಚೂ ಹುಟ್ಟುವುದಿಲ್ಲ. ಎಣ್ಣೆಯ ದುಡ್ಡಲ್ಲಿ ಪತ್ರಿಕೆ ನಡೆಸುವವನು ಪಾನೀಯದ ದುಡ್ಡಲ್ಲಿ ಹಾಡುವವರಿಗೆ ಬುದ್ಧಿ ಹೇಳಹೊರಟದ್ದು ತಪ್ಪು.

ಆದರೆ ಅರಸರ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ನೀವಾಗಿ ಮೈಸೂರಿನ ಮಾತೆತ್ತಿದ್ದರಿಂದ ಮೈಸೂರಿನದೇ ಕಥೆ ಹೇಳುತ್ತೇನೆ. ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತಕಾರ ಲಂಡನ್ನಿನಲ್ಲಿ ನೆಲೆಸಿದ್ದರು. ಮುಪ್ಪು ಬಂದಿತ್ತು, ಆರೋಗ್ಯ ಕೆಟ್ಟಿತ್ತು, ಕೇಳುವವರು ಕಡಿಮೆಯಾಗಿದ್ದರು. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರ್ ತಮ್ಮ ಹಣದಲ್ಲಿ ಅವರ ಕೃತಿಗಳನ್ನು ಎಚ್.ಎಂ.ವಿ. ಕಂಪನಿಯಿಂದ ರೆಕಾರ್ಡ್ ಮಾಡಿಸಿದರು. ಪಿಯಾನೊಗೆ ಸ್ವತಃ ಮೆಟ್ನರ್ ಕೂತರು. ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರು ಅರಸರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು. ಅರಸರಿಗೆ ಬೇಕಿದ್ದದ್ದು ಆ ಸಂಗೀತ. ಆ ಪ್ಲೇಟುಗಳ ಜೊತೆ ಮೈಸೂರು ಸ್ಯಾಂಡಲ್ ಸೋಪು ಕಟ್ಟಿ ಕಳಿಸುವ ಯೋಚನೆ ಅವರಿಗೆ ಬಂದಂತಿಲ್ಲ.

ಕಂಪನಿಗೆ ಬೇಕಾದದ್ದು ಹಾಡಲ್ಲ, ಹಾಡು ಕೇಳುವ ಜನ. ಇದು ನನ್ನ ಊಹೆಯಲ್ಲ, 2013ರಲ್ಲಿ ಅಮೆರಿಕದಲ್ಲಿ ಎಲ್ಲರ ಕಣ್ಣೆದುರೇ ನಡೆಯಿತು. ರ‍್ಯಾಪ್ ಗಾಯಕ ಜೇ-ಝಿಯ ಹೊಸ ಆಲ್ಬಮ್ಮಿನ 10 ಲಕ್ಷ ಪ್ರತಿಗಳನ್ನು ಸ್ಯಾಮ್‌ಸಂಗ್ ತಲಾ 5 ಡಾಲರಿನಂತೆ ಕೊಂಡು, ಅಂಗಡಿಗೆ ಬರುವ ಮೊದಲೇ ಜುಲೈ 4ರಂದು ತನ್ನ ಫೋನು ಇರುವವರಿಗೆ ಹಂಚಿತು. ಹಾಡು ಬೇಕಿದ್ದವರು ಒಂದು ಆ್ಯಪ್ ಹಾಕಿಕೊಳ್ಳಬೇಕಿತ್ತು. ಆ ಆ್ಯಪ್ ಕೇಳಿದ್ದನ್ನು ನೋಡಿ: ನೀವು ಎಲ್ಲಿದ್ದೀರಿ, ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದೀರಿ, ನಿಮ್ಮ ಫೇಸ್‌ಬುಕ್ ಅಥವಾ ಟ್ವಿಟರ್ ಖಾತೆ ಯಾವುದು. ಹಾಡಿನ ಸಾಹಿತ್ಯ ಮೊದಲೇ ಓದಬೇಕಾದರೆ ನಿಮ್ಮ ಹೆಸರಿನಲ್ಲಿ ನಾಲ್ಕು ಜನಕ್ಕೆ ಸಾರಬೇಕು. ಖಾಸಗಿತನದ ಪರ ಕೆಲಸ ಮಾಡುವ ಸಂಸ್ಥೆಯೊಂದು ಅಲ್ಲಿನ ಸರ್ಕಾರಿ ವ್ಯಾಪಾರ ಆಯೋಗಕ್ಕೆ ದೂರನ್ನೂ ಕೊಟ್ಟಿತು. ಪುಕ್ಕಟೆ ಎಂದುಕೊಂಡ ಕೇಳುಗ ಬೆಲೆ ತೆತ್ತಿದ್ದ, ರೂಪಾಯಿಯಲ್ಲಿ ಅಲ್ಲ.

ಇದರಲ್ಲೊಂದು ತಮಾಷೆಯೂ ಇದೆ. ಹಂಚಿದ ಆ ಹತ್ತು ಲಕ್ಷವನ್ನು ಮಾರಾಟದ ಲೆಕ್ಕಕ್ಕೆ ಹಿಡಿಯಬೇಕೆ? ಚಾರ್ಟ್ ಪ್ರಕಟಿಸುವ ಬಿಲ್‌ಬೋರ್ಡ್ ‘ಆಗದು’ ಎಂದಿತು. ಪ್ಲಾಟಿನಂ ಬಿರುದು ಕೊಡುವ ರೆಕಾರ್ಡಿಂಗ್ ಉದ್ಯಮದ ಸಂಘ ನಿಯಮವನ್ನೇ ತಿದ್ದಿ ‘ಆಗಬಹುದು’ ಎಂದಿತು.

ಮರುವರ್ಷ ಆ್ಯಪಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ‘ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎನ್ನುತ್ತಾರಲ್ಲ, ಆ್ಯಪಲ್ ಅಪ್ಪನನ್ನೂ ಕೇಳಲಿಲ್ಲ, ಮಗನನ್ನೂ ಕೇಳಲಿಲ್ಲ. 2014ರ ಸೆಪ್ಟೆಂಬರ್ 9ರಂದು ಐರ್ಲೆಂಡಿನ ಯು2 ತಂಡದ ಹೊಸ ಆಲ್ಬಮ್ಮನ್ನು 119 ದೇಶಗಳ ಸುಮಾರು 50 ಕೋಟಿ ಐಟ್ಯೂನ್ಸ್ ಖಾತೆಗಳಿಗೆ ಸೇರಿಸಿಬಿಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ನೀವು ಕೇಳದ ಹಾಡು ನಿಮ್ಮ ಫೋನಿನಲ್ಲಿ. ಜನ ರೇಗಿದರು. ವಾರ ಕಳೆಯುವಷ್ಟರಲ್ಲಿ ಅದನ್ನು ತೆಗೆದುಹಾಕುವುದಕ್ಕೇ ಕಂಪನಿ ಒಂದು ಸಾಧನ ಕೊಡಬೇಕಾಯಿತು. ತಂಡಕ್ಕೆ ಹಣ ಸಂದಿತ್ತು, ಅದನ್ನು ಗಾಯಕ ಬೋನೊ ಮುಚ್ಚಿಡಲಿಲ್ಲ. ಮುಂದಿನ ತಿಂಗಳು ಕ್ಷಮೆ ಕೇಳಿದಾಗ ಆತ ಹೇಳಿದ ಒಂದು ಕಾರಣ ನನ್ನನ್ನು ಇವತ್ತಿಗೂ ಕಾಡುತ್ತದೆ: ಇಷ್ಟು ವರ್ಷ ಜೀವ ತೇದು ಮಾಡಿದ ಹಾಡುಗಳನ್ನು ಯಾರೂ ಕೇಳದೇ ಹೋದಾರು ಎಂಬ ಭಯ. ಕ್ರೀಡಾಂಗಣ ತುಂಬಿಸುವವರಿಗೇ ಆ ಭಯವಿದ್ದರೆ ಹುಬ್ಬಳ್ಳಿಯ ನಾಲ್ಕು ಹುಡುಗರಿಗೆ ಎಷ್ಟಿರಬೇಡ? ನಿಮ್ಮ ಮಗನಿಗೆ ‘ಬೇಡ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಮೆರಿಕದ ಗಾಯಕ ಪ್ರಿನ್ಸ್‌ನ ಲೆಕ್ಕ ಬೇರೆ. 2007ರ ಜುಲೈಯಲ್ಲಿ ಆತ ಹೊಸ ಸಿ.ಡಿ.ಯನ್ನು ಬ್ರಿಟನ್ನಿನ ‘ಮೇಲ್ ಆನ್ ಸಂಡೇ’ ಪತ್ರಿಕೆಯ ಜೊತೆ ಹಂಚಿಸಿದ. ಅಲ್ಲಿ ಅದನ್ನು ಬಿಡುಗಡೆ ಮಾಡಬೇಕಿದ್ದ ರೆಕಾರ್ಡ್ ಕಂಪನಿ ಹಿಂದೆ ಸರಿಯಿತು, ಅಂಗಡಿಯವರು ಕೆಂಡವಾದರು. ಎಚ್.ಎಂ.ವಿ. ಅಂಗಡಿಗಳು ಮಾತ್ರ ಮುನಿಸು ನುಂಗಿಕೊಂಡು ಆ ಭಾನುವಾರ ಪತ್ರಿಕೆಯನ್ನೇ ಮಾರಿದವು. ಪ್ರಿನ್ಸ್ ಅದೇ ಬೇಸಿಗೆಯಲ್ಲಿ ಲಂಡನ್ನಿನ ಓ2 ಸಭಾಂಗಣದಲ್ಲಿ 21 ರಾತ್ರಿ ಹಾಡಿದ, ಟಿಕೆಟ್ಟಿಗೆ 31.21 ಪೌಂಡ್. ಸಿ.ಡಿ. ಆತನಿಗೆ ಕರಪತ್ರವಿದ್ದ ಹಾಗೆ. ಹೆಸರಿದ್ದವರು ಹೀಗೆ ಮಾಡಬಹುದು, ನಿಮ್ಮ ಹುಡುಗರಿಗೆ ಮಾದರಿಯಾಗಲಾರದು.

ಮಾದರಿ ಬೇಕೆಂದರೆ ನಮ್ಮ ರೇಡಿಯೊ ಕಾಲಕ್ಕೆ ಹೋಗಬೇಕು. ಆಕಾಶವಾಣಿ ಸಿನಿಮಾ ಹಾಡನ್ನು ದೂರವಿಟ್ಟಿದ್ದ ದಿನಗಳಲ್ಲಿ, 1952ರ ಡಿಸೆಂಬರಿನಲ್ಲಿ, ರೇಡಿಯೊ ಸಿಲೋನ್‌ನಲ್ಲಿ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಶುರುವಾಯಿತು. ದುಡ್ಡು ಹಲ್ಲುಜ್ಜುವ ಪೇಸ್ಟಿನದು, ದನಿ ಅಮೀನ್ ಸಯಾನಿಯದು. ಪೇಸ್ಟ್ ಕೊಳ್ಳದವರೂ ಬುಧವಾರ ರಾತ್ರಿ ಕೇಳಿದರು. ಬೇಡವಾದವರು ಗುಂಡಿ ತಿರುಗಿಸಿದರು. ಮುಖ್ಯ ಸಂಗತಿಯೆಂದರೆ, ಹಾಡಿನ ಮೇಲೆ ಪೇಸ್ಟಿನವರಿಗೆ ಯಾವ ಹಕ್ಕೂ ಇರಲಿಲ್ಲ. ಬಿನಾಕಾ ಹೋಯಿತು, ಹಾಡು ಹೋಗಲಿಲ್ಲ. (ಇದರ ತಲೆಕೆಳಗಾದ ರೂಪವೂ ನಮ್ಮಲ್ಲೇ ಇದೆ: ಟಿ.ವಿ.ಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧ ಬಂದ ಮೇಲೆ ಅದೇ ಹೆಸರಿನ ‘ಮ್ಯೂಸಿಕ್ ಸಿ.ಡಿ.’ಗಳ ಜಾಹೀರಾತು ಬರತೊಡಗಿತು. ಆ ಸಿ.ಡಿ.ಯನ್ನು ಅಂಗಡಿಯಲ್ಲಿ ನಾನಂತೂ ಕಂಡವನಲ್ಲ.)

ಹಾಗಾಗಿ ನಿಮ್ಮ ಮಗ ಒಪ್ಪಿಕೊಳ್ಳಲಿ, ಆದರೆ ಕರಾರಿನ ಕಾಗದವನ್ನು ಕೂತು ಓದಲಿ. ನಮ್ಮ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಧ್ವನಿಮುದ್ರಣದ ‘ನಿರ್ಮಾಪಕ’ ಎಂದರೆ ಅದನ್ನು ಮಾಡಿಸುವ ಮುತುವರ್ಜಿ, ಜವಾಬ್ದಾರಿ ಹೊತ್ತವನು. ಸ್ಟುಡಿಯೋ ಬಿಲ್ ಕಟ್ಟಿ ಏರ್ಪಾಡೆಲ್ಲ ಮಾಡಿದ ಕಂಪನಿ ನಾಳೆ ‘ಅದು ನಾನೇ’ ಎಂದರೆ ಮಾಸ್ಟರ್ ರೆಕಾರ್ಡಿಂಗ್, ಅಂದರೆ ಮೂಲ ಧ್ವನಿಮುದ್ರಣ, ಅದರ ಪಾಲಾಗುತ್ತದೆ. ಮಾಸ್ಟರ್ ತಂಡದ್ದು, ಕಂಪನಿಗೆ ಬಳಸುವ ಅನುಮತಿ ಮಾತ್ರ, ಅದೂ ಇಷ್ಟು ವರ್ಷಕ್ಕೆ ಎಂದು ಬರೆಸಿಕೊಳ್ಳಬೇಕು. ಹಕ್ಕು ವರ್ಗಾಯಿಸುವ ಕಾಗದದಲ್ಲಿ ಅವಧಿಯೇ ಇಲ್ಲದಿದ್ದರೆ ಕಾನೂನು ಐದು ವರ್ಷ ಎಂದು ತಿಳಿಯುತ್ತದೆ. ‘ಶಾಶ್ವತವಾಗಿ’ ಎಂದು ಬರೆದಿದ್ದರೆ ಆ ರಕ್ಷಣೆಯೂ ಇಲ್ಲ, ಆ ಪದವನ್ನು ಹುಡುಕಿ ನೋಡಲಿ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಕಂಪನಿ ಬರೆಸಿಕೊಂಡರೂ ನಡೆಯುವುದಿಲ್ಲ. ಕೇಳುಗ ಪುಕ್ಕಟೆ ಕೇಳಿದರೂ ಎಫ್.ಎಂ.ನವರು, ಹೋಟೆಲಿನವರು ಹಾಕಿದಾಗ ದುಡ್ಡು ಬರಬೇಕು. ಅದಕ್ಕೆ ಸಾಹಿತ್ಯ ಬರೆದವರೂ ರಾಗ ಹಾಕಿದವರೂ ಆ ರಾಯಲ್ಟಿ ವಸೂಲಿ ಮಾಡಿಕೊಡುವ ಐ.ಪಿ.ಆರ್.ಎಸ್. ಸಂಘದಲ್ಲಿ ಸದಸ್ಯರಾಗಲಿ.

ಇನ್ನು ಪಾನೀಯದ ಹೆಸರು ಹಾಡಿನ ಮೊದಲು ಬರಲಿ, ಕೊನೆಗೆ ಬರಲಿ. ಪಲ್ಲವಿಯಲ್ಲಿ ಬೇಕೆಂದರೆ ಎದ್ದು ಬರುವುದು ವಾಸಿ. ಮತ್ತೆ, ಕಾಗದಕ್ಕೆ ಬರೀ ಹಾಡುವವನ ಸಹಿ ಹಾಕಿಸಿಕೊಂಡು ಕೆಲಸ ಮುಗಿಸುವುದುಂಟು. ಡ್ರಮ್ ಬಾರಿಸುವ ಹುಡುಗನ ಹೆಸರೂ ಅದರಲ್ಲಿ ಇದೆಯೇ ನೋಡಿ.

– ಸಂ.