ಆಟೋಮ್ಯಾಟಿಕ್ ಕಾರಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ ಯಾವಾಗ ಬಳಸಬೇಕು? ಬಳ್ಳಾರಿ ಕಡೆ ಓಡಿಸುವವರಿಗೆ ಅದರಿಂದ ಉಪಯೋಗ ಇದೆಯಾ?

ಊರೊಳಗೆ ಇಲ್ಲ. ರಾಯಲ್ ಸರ್ಕಲ್ ಟ್ರಾಫಿಕ್‌ನಲ್ಲಿ ಸುಮ್ನೆ ಡಿ (ಡ್ರೈವ್, ಗೇರ್ ತಾನೇ ಬದಲಾಗುವ ಸ್ಥಾನ) ಹಾಕಿ ಓಡಿಸಿ, ಪ್ಯಾಡಲ್ ಮುಟ್ಟೋದೇ ಬೇಡ.

ಬಲಗಡೆ ಪ್ಲಸ್, ಅಂದ್ರೆ ಗೇರ್ ಮೇಲಕ್ಕೆ. ಎಡಗಡೆ ಮೈನಸ್, ಕೆಳಕ್ಕೆ. ಕ್ಲಚ್ ಇಲ್ಲ, ಆಕ್ಸಿಲರೇಟರ್‌ನಿಂದ ಕಾಲು ತೆಗೆಯೋದೂ ಬೇಡ. ನಿಜವಾದ ಉಪಯೋಗ ಸಂಡೂರು ಘಾಟಿಯಲ್ಲಿ ಇಳಿಯುವಾಗ: ಎಡಗಡೆದನ್ನು ಒಂದೆರಡು ಸಲ ಎಳೆದರೆ ಗೇರ್ ಇಳಿದು ಎಂಜಿನ್ನೇ ಕಾರಿನ ವೇಗವನ್ನು ಹಿಡಿತದಲ್ಲಿಡುತ್ತದೆ, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದು ಅದು ಕಾದು ಹಿಡಿತ ಕಳೆದುಕೊಳ್ಳುವ ಭಯ ಕಡಿಮೆ. ಒಂದು ವಿಷಯ ಮಾತ್ರ ಜಾಸ್ತಿ ಜನ ಗಮನಿಸಲ್ಲ. ಹೀಗೆ ವೇಗ ಇಳಿದಾಗ ಸಾಮಾನ್ಯವಾಗಿ ಹಿಂದಿನ ಕೆಂಪು ಲೈಟ್ ಹತ್ತುವುದಿಲ್ಲ. ಬೆನ್ನಿಗೇ ಅದಿರು ಲಾರಿ ಇದ್ದರೆ ಬ್ರೇಕನ್ನೂ ಸ್ವಲ್ಪ ಮುಟ್ಟಿ.

ಲಾರಿ ಓವರ್‌ಟೇಕ್ ಮಾಡುವ ಮುಂಚೆಯೂ ಒಂದು ಗೇರ್ ಇಳಿಸಿಟ್ಟುಕೊಂಡರೆ ಎಳೆತ ತಕ್ಷಣ ಸಿಗುತ್ತದೆ.

ತಪ್ಪಾಗಿ ಎಳೆದರೆ ಎಂಜಿನ್ ಹಾಳಾಗುತ್ತಾ? ಇಲ್ಲ, ವೇಗಕ್ಕೆ ಹೊಂದದ ಗೇರನ್ನು ಕಂಪ್ಯೂಟರ್ ಹಾಕೋದೇ ಇಲ್ಲ. ಡಿ ಯಲ್ಲಿದ್ದಾಗ ಎಳೆದರೆ ಎಷ್ಟೋ ಕಾರುಗಳು ಸ್ವಲ್ಪ ಹೊತ್ತಿಗೆ ತಾವೇ ಆಟೋಮ್ಯಾಟಿಕ್‌ಗೆ ಮರಳುತ್ತವೆ. ಸಿವಿಟಿ (ಸಾಮಾನ್ಯವಾಗಿ ಬೆಲ್ಟ್, ಪುಲ್ಲಿಯಿಂದ ನಡೆಯುವ ಗೇರ್‌ಬಾಕ್ಸ್) ಕಾರಲ್ಲಿ ಒಂದು, ಎರಡು ಅಂತ ನಿಗದಿಯಾದ ಗೇರ್‌ಗಳೇ ಇಲ್ಲ, ಬರೀ ಹಂತಗಳ ನಾಟಕ, ಆದರೂ ಇಳಿಜಾರಿನಲ್ಲಿ ಕೆಲಸಕ್ಕೆ ಬರುತ್ತದೆ.