ಕೊಲಾಜೆನ್ ಮೇಲೆ ಪಿಎಚ್‌ಡಿಗೆ ಸೇರಿದರೆ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತೇನಾ?

ನಿಮ್ಮ ಪ್ರಶ್ನೆ ಇಷ್ಟು: ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮುಗಿದಿದೆ, ಚರ್ಮ, ಮೂಳೆ, ನಾರುಗಳನ್ನು ಕಟ್ಟಿಹಿಡಿಯುವ ಪ್ರೋಟೀನ್ ಆದ ಕೊಲಾಜೆನ್ ಮೇಲೆ ಪಿಎಚ್‌ಡಿ ಸೀಟು ಸಿಕ್ಕಿದೆ, ಆದರೆ "ಅದು ಹಳೇ ಸರಕು, ಏನೂ ಉಳಿದಿಲ್ಲ" ಅಂತ ಸೀನಿಯರ್ ಒಬ್ಬರು ಹೆದರಿಸಿದ್ದಾರೆ. ಸೇರಬೇಕೋ ಬೇಡವೋ?

ಸೇರಿ. ನನಗೂ ಇದೇ ಮಾತು ಹೇಳಿದ್ದರು, ನಾನು ಆ ಹಳೇ ಸರಕಿನಲ್ಲೇ ಇಪ್ಪತ್ತು ವರ್ಷ ಕಳೆದಿದ್ದೇನೆ.

ಹಳೇದು ಅನ್ನೋದು ನಿಜ. 1954ರಲ್ಲೇ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಕೊಲಾಜೆನ್‌ನಲ್ಲಿ ಮೂರು ಎಳೆ ಇದೆ ಅಂತ ತೋರಿಸಿದ್ದರು. ಎಕ್ಸ್-ರೇ ಚಿತ್ರಕ್ಕೆ ಬಳಸಿದ್ದು ಕಾಂಗರೂ ಬಾಲದ ನಾರು, ತರಿಸಿಕೊಟ್ಟಿದ್ದು ಅದೇ ಊರಿನ ಚರ್ಮ ಸಂಶೋಧನಾ ಸಂಸ್ಥೆ. ಮರುವರ್ಷ ಅಲೆಕ್ಸಾಂಡರ್ ರಿಚ್ ಮತ್ತು ಡಿಎನ್‌ಎ ರಚನೆ ಕಂಡುಹಿಡಿದ ಫ್ರಾನ್ಸಿಸ್ ಕ್ರಿಕ್, ಈ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಮೈಗೆ ಮೈ ತಾಗಿಸಿಕೊಂಡಿವೆ ಅಂತ ತಕರಾರು ತೆಗೆದರು. ಹಾಗಾದರೆ ಎಷ್ಟು ಹತ್ತಿರ ಬರಬಹುದು ಅಂತ ರಾಮಚಂದ್ರನ್ ಲೆಕ್ಕ ಹಾಕುತ್ತಾ ಕೂತರು, ಆ ಲೆಕ್ಕದಿಂದ ಹುಟ್ಟಿದ್ದೇ 1963ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಪ್ರಕಟಿಸಿದ ರಾಮಚಂದ್ರನ್ ನಕ್ಷೆ, ಅಂದರೆ ಪ್ರೋಟೀನ್ ಎಳೆ ಹೇಗೆಲ್ಲಾ ತಿರುಗಬಹುದು, ಹೇಗೆ ತಿರುಗಲಾರದು ಅಂತ ತೋರಿಸುವ ಚಿತ್ರ. ಇವತ್ತಿಗೂ ಒಂದು ಪ್ರೋಟೀನ್ ರಚನೆ ಸರಿಯಿದೆಯಾ ಅಂತ ನೋಡೋಕೆ ಅದನ್ನೇ ತೆಗೆಯುತ್ತೇವೆ. ಬೆಂಗಳೂರಿನ ಐಐಎಸ್ಸಿಯಲ್ಲಿ 1971ರಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದ್ದೂ ರಾಮಚಂದ್ರನ್ ಅವರೇ. ಬಾಲದ ನಾರು ಹಿಡಿದು ಹೊರಟವರು ಎಲ್ಲಿಗೆ ಬಂದರು ನೋಡಿ.

ನಾನು ಶುರು ಮಾಡಿದ್ದು ಇಲಿ ಬಾಲದಿಂದ. ಬಾಲದ ಚರ್ಮ ಸುಲಿದು, ತುದಿಯನ್ನು ಇಕ್ಕಳದಲ್ಲಿ ಮುರಿದು ಎಳೆದರೆ ಬಾಳೆನಾರಿನ ಹಾಗೆ ಹೊಳೆಯುವ ಬಿಳಿ ಎಳೆಗಳು ಬರುತ್ತವೆ. ಅವನ್ನು ತೆಳು ಅಸೆಟಿಕ್ ಆಸಿಡ್‌ಗೆ ಹಾಕಿ 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ ಎರಡು ದಿನ ತಿರುಗಿಸಬೇಕು. ನಾನು ಒಳಗೆ ಸ್ವೆಟರ್, ಹೊರಗೆ ಬಂದರೆ ಬೆವರು. ಲೋಳೆಸರದಂಥ ದ್ರವ ಸಿಗುತ್ತದೆ. ಐಸ್ ಮೇಲಿಟ್ಟು ಆಸಿಡ್ ಗುಣ ತೆಗೆದು 37 ಡಿಗ್ರಿಯ ವಾಟರ್ ಬಾತ್‌ನಲ್ಲಿ (ಬಿಸಿನೀರಿನ ತೊಟ್ಟಿಯಲ್ಲಿ) ಇಟ್ಟರೆ ಅರ್ಧ ಗಂಟೆಯಲ್ಲಿ ಗಿಣ್ಣಿನ ಹಾಗೆ ಗಟ್ಟಿಯಾಗುತ್ತದೆ, ತನ್ನಷ್ಟಕ್ಕೆ ತಾನೇ.

ನನ್ನದು ಮೂರು ವಾರ ಗಟ್ಟಿಯಾಗಲಿಲ್ಲ. ಆಸಿಡ್ ಬದಲಾಯಿಸಿದೆ, ಇಲಿ ಬದಲಾಯಿಸಿದೆ, ಅತ್ತೂ ನೋಡಿದೆ. ಆಮೇಲೆ ಗೊತ್ತಾಗಿದ್ದು, ಬೆಳಿಗ್ಗೆ ಯಾರೋ ಸೀರಮ್ ಕಾಯಿಸೋಕೆ ವಾಟರ್ ಬಾತನ್ನು 56ಕ್ಕೆ ಇಡುತ್ತಿದ್ದರು, ವಾಪಸ್ ಇಳಿಸುತ್ತಿರಲಿಲ್ಲ. ಆ ಬಿಸಿಗೆ ಮೂರು ಎಳೆಯೂ ಬಿಚ್ಚಿಹೋಗುತ್ತದೆ. ಹಾಗೆ ಬಿಚ್ಚಿಹೋದ ಕೊಲಾಜೆನ್ನೇ ಜೆಲಾಟಿನ್. ನಾನು ಮಾಡುತ್ತಿದ್ದದ್ದು ಅದನ್ನೇ!

ಆಮೇಲೆ ನಾನು ಹೋಗಿದ್ದು ವಂಶವಾಹಿಗಳ ಕಡೆ, ಸುಮ್ನೆ ಮುಟ್ಟಿದರೂ ಮೂಳೆ ಮುರಿಯುವ ಮಕ್ಕಳ ಕಾಯಿಲೆ, ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಕೊಲಾಜೆನ್ ಅಂದರೆ ಮೂರು ಕಾಲಿನ ಜಡೆ ಅಂದುಕೊಳ್ಳಿ. ಒಂದೊಂದು ಎಳೆಯಲ್ಲೂ ಸಾವಿರದಷ್ಟು ಅಮೈನೋ ಆಮ್ಲ, ಪ್ರತಿ ಮೂರನೆಯದು ಗ್ಲೈಸಿನ್. ಜಡೆಯ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸೋದು ಆ ಪುಟ್ಟದ್ದು ಮಾತ್ರ. ಒಂದು ಕಡೆ ಗ್ಲೈಸಿನ್ ಬದಲು ದೊಡ್ಡದು ಕೂತರೆ ಹೆಣಿಗೆ ಅಲ್ಲಿ ತಡವರಿಸುತ್ತದೆ. ಮಗುವಿನ ಚರ್ಮದ ಚೂರಿನಿಂದ ಜೀವಕೋಶ ಬೆಳೆಸಿ ಆ ಕೊಲಾಜೆನ್ ಅನ್ನು ಜೆಲ್‌ನಲ್ಲಿ (ವಿದ್ಯುತ್ತಿನಿಂದ ಅಣುಗಳನ್ನು ಎಳೆದು ಬೇರ್ಪಡಿಸುವ ಲೋಳೆಪದರದಲ್ಲಿ) ಓಡಿಸಿದರೆ, ಪಟ್ಟಿ ಅಗಲವಾಗಿ, ನಿಧಾನವಾಗಿ ಹಿಂದೆ ಬೀಳುತ್ತದೆ. ಈಗ ನೇರವಾಗಿ ಡಿಎನ್‌ಎ ಓದುತ್ತಾರೆ, ಆದರೂ ಆ ಪಟ್ಟಿ ಮೊದಲ ಸಲ ಕಂಡ ದಿನ ನನಗೆ ಮರೆತಿಲ್ಲ.

ನನ್ನನ್ನು ಹಿಡಿದಿಟ್ಟಿದ್ದು ಒಂದು ಲೆಕ್ಕ. ಮೂಳೆಯ ಕೊಲಾಜೆನ್‌ನಲ್ಲಿ ಎರಡು ಆಲ್ಫಾ-1 ಎಳೆ, ಒಂದು ಆಲ್ಫಾ-2. ಆಲ್ಫಾ-1ರ ಎರಡು ಜೀನ್ ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಆಲ್ಫಾ-1 ಎಳೆಗಳಲ್ಲಿ ಅರ್ಧದಷ್ಟು ಕೆಟ್ಟವು. ಆದರೆ ಒಂದು ಜಡೆಗೆ ಎರಡು ಬೇಕಲ್ವಾ, ಹಾಗಾಗಿ ಎರಡೂ ಒಳ್ಳೆಯವು ಸಿಗೋದು ನಾಲ್ಕರಲ್ಲಿ ಒಂದಕ್ಕೆ ಮಾತ್ರ, ಮುಕ್ಕಾಲು ಪಾಲು ಜಡೆ ಕೆಟ್ಟಿರುತ್ತದೆ. ಅದೇ ಆ ಪ್ರತಿ ಏನೂ ಮಾಡದೆ ಸುಮ್ಮನಿದ್ದಿದ್ದರೆ ಕೊಲಾಜೆನ್ ಅರ್ಧ ಆಗುತ್ತಿತ್ತು, ಆದರೆ ಇರೋದೆಲ್ಲಾ ಸರಿಯಾಗಿರುತ್ತಿತ್ತು, ಕಾಯಿಲೆಯೂ ಸಾಮಾನ್ಯವಾಗಿ ಕಮ್ಮಿ. ಕೆಟ್ಟದ್ದನ್ನು ಮಾಡೋದಕ್ಕಿಂತ ಮಾಡದೇ ಇರೋದು ವಾಸಿ ಅನ್ನೋ ಪರಿಸ್ಥಿತಿ. ಕೆಟ್ಟ ಪ್ರತಿಯ ಬಾಯಿ ಮುಚ್ಚಿಸೋದು ಹೇಗೆ ಅನ್ನೋ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ಏನೂ ಉಳಿದಿಲ್ಲ ಅಂದವರು ಇದನ್ನು ಯೋಚಿಸಿಲ್ಲ.

ಸಂಬಳ, ಕೆಲಸದ ಕಷ್ಟ ಬೇರೆ ವಿಷಯಗಳಲ್ಲಿ ಇದ್ದಷ್ಟೇ, ಜಾಸ್ತಿಯೂ ಇಲ್ಲ ಕಮ್ಮಿಯೂ ಇಲ್ಲ. ಮದುವೆ ಮನೆಯಲ್ಲಿ ಮಾತ್ರ ಎಲ್ಲರೂ ಯಾವ ಕೊಲಾಜೆನ್ ಪುಡಿ ಒಳ್ಳೆಯದು ಅಂತ ಕೇಳುತ್ತಾರೆ, ತಯಾರಾಗಿರಿ.

ಸೇರುವ ಮುಂಚೆ ಗೈಡ್ ಹತ್ತಿರ ಒಂದು ಕೇಳಿಕೊಳ್ಳಿ: ಲ್ಯಾಬಿಗೆ ಯಾವುದಾದರೂ ಆಸ್ಪತ್ರೆಯ ಜೆನೆಟಿಕ್ಸ್ ವಿಭಾಗದ ಜೊತೆ ಒಡನಾಟ ಇದೆಯಾ, ರೋಗಿಗಳ ಜೀವಕೋಶ ಸಿಗುತ್ತದಾ, ಇಲ್ಲಾ ಐದು ವರ್ಷವೂ ಇಲಿ ಬಾಲವೇನಾ? ಏನು ಹೇಳಿದರು ಅಂತ ಇಲ್ಲೇ ಕೆಳಗೆ ಬರೆಯಿರಿ, ಆಮೇಲೆ ಮಾತಾಡೋಣ.