ಕಂಡಕ್ಟಿವಿಟಿ ಫೀಲ್ಡ್ ಜೊತೆ ಬದಲಾದರೆ ಸಾಲ್ವರ್ ಯಾಕೆ ಕನ್ವರ್ಜ್ ಆಗುವುದಿಲ್ಲ?

ನೀವು ಕೇಳಿರುವುದು 33 ಕೆವಿ ಕೇಬಲ್ ಟರ್ಮಿನೇಷನ್ (ಕೇಬಲ್ ಮುಗಿಯುವ ತುದಿಯ ಜೋಡಣೆ) ಬಗ್ಗೆ. ಅದರ ವಿದ್ಯುತ್ ಫೀಲ್ಡ್ ಲೆಕ್ಕ ಹಾಕುವ ಪ್ರೋಗ್ರಾಂ, ಅಂದರೆ ಸಾಲ್ವರ್, ಒಂದು ಸ್ಥಿರ ಉತ್ತರಕ್ಕೆ ಬಂದು ನಿಲ್ಲುತ್ತಿಲ್ಲ (ಕನ್ವರ್ಜ್ ಆಗುತ್ತಿಲ್ಲ). ಶೀಲ್ಡ್ (ಇನ್ಸುಲೇಷನ್ ಸುತ್ತಲಿನ ವಾಹಕ ಹೊದಿಕೆ) ಕತ್ತರಿಸಿದ ಜಾಗದಲ್ಲಿ ಜಿಂಕ್ ಆಕ್ಸೈಡ್ ಪುಡಿ ಬೆರೆಸಿದ ಸಿಲಿಕೋನ್ ಪದರ ಇದೆ. ಅದರ ಕಂಡಕ್ಟಿವಿಟಿಗೆ (ಕರೆಂಟ್ ಹರಿಯಬಿಡುವ ಗುಣ) ಒಂದೇ ಸಂಖ್ಯೆ ಕೊಟ್ಟರೆ ತಕ್ಷಣ ಉತ್ತರ ಬರುತ್ತದೆ. ಫೀಲ್ಡ್ ಜೊತೆ ಬದಲಾಗುವ ಟೇಬಲ್ ಕೊಟ್ಟರೆ ಸರಳ ಲೂಪ್ (ಊಹಿಸಿದ ಫೀಲ್ಡಿನಿಂದ ಕಂಡಕ್ಟಿವಿಟಿ, ಅದರಿಂದ ಹೊಸ ಫೀಲ್ಡ್, ಹೀಗೆ ಸುತ್ತುವ ಲೆಕ್ಕ) ಅತ್ತಿತ್ತ ಜೀಕುತ್ತದೆ, ನ್ಯೂಟನ್ ವಿಧಾನ (ಇಳಿಜಾರು ನೋಡಿ ಮುಂದಿನ ಊಹೆ ಮಾಡುವುದು) ಹಾಕಿದರೆ 25 ಇಟರೇಷನ್‌ಗೆ ನಿಂತುಬಿಡುತ್ತದೆ. ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಪುಟ್ಟ ತುಂಡುಗಳಾಗಿ ಒಡೆದ ಜಾಲ) ಸಣ್ಣದು ಮಾಡಿದರೂ ಅಷ್ಟೇ.

ಮೆಶ್ ಬಿಡಿ, ತೊಂದರೆ ಇರುವುದು ಮೆಟೀರಿಯಲ್‌ನ ಕಡಿದಾದ ಏರಿಕೆಯಲ್ಲಿ. ಇಂಥ ಪದರದಲ್ಲಿ ಕರೆಂಟ್ ಫೀಲ್ಡಿನ 10ನೇ ಘಾತದಂತೆ ಏರುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ಕಂಡಕ್ಟಿವಿಟಿ 9ನೇ ಘಾತ. ಪದರಕ್ಕೆ ಎಷ್ಟು ಕರೆಂಟ್ ಬರಬೇಕು ಅನ್ನುವುದನ್ನು ಬಹುಪಾಲು ಪಕ್ಕದ ಇನ್ಸುಲೇಷನ್‌ನ ಕೆಪಾಸಿಟೆನ್ಸ್ ತೀರ್ಮಾನ ಮಾಡುತ್ತದೆ. ಈಗ ಪೆನ್ನು ಹಿಡಿದು ಲೆಕ್ಕ ಹಾಕಿ. ಸರಿಯಾದ ಫೀಲ್ಡ್ 1 ಇರಲಿ, ನಿಮ್ಮ ಊಹೆ 0.9. ಕಂಡಕ್ಟಿವಿಟಿ 0.39ಕ್ಕೆ ಇಳಿಯಿತು. ಅದೇ ಕರೆಂಟ್ ಹರಿಯಬೇಕಾದರೆ ಮುಂದಿನ ಫೀಲ್ಡ್ 2.6 ಆಗಬೇಕು. ಅದರ 9ನೇ ಘಾತ ಸುಮಾರು 5000, ಹಾಗಾಗಿ ಅದರ ಮುಂದಿನ ಫೀಲ್ಡ್ 0.0002! ಹತ್ತು ಪರ್ಸೆಂಟ್ ತಪ್ಪಿದ್ದು ಎರಡೇ ಸುತ್ತಿನಲ್ಲಿ ಎಲ್ಲಿಗೆ ಹೋಯಿತು ನೋಡಿ. ಘಾತ 2 ದಾಟಿದರೆ ಈ ಲೂಪ್ ಹೀಗೇ ಹಾರಿಹೋಗುತ್ತದೆ. ಪ್ರತಿ ಸಲ ಹೊಸ ಉತ್ತರದ ಕಡೆಗೆ ಹತ್ತನೇ ಒಂದು ಭಾಗದಷ್ಟೇ ಸರಿದರೆ ನಿಲ್ಲುತ್ತದೆ. ಐದನೇ ಒಂದು ಭಾಗ ದಾಟಿದರೆ ಮತ್ತೆ ಜೀಕಾಟ ಶುರು.

ಬೇರಿಯಂ ಟೈಟನೇಟ್ ಕೆಪಾಸಿಟರ್ ಮಾಡಿದವರು "ನನಗೆ ಸುಮ್ನೆ ಲೂಪ್ ಹಾಕಿದರೂ ಬಂತಲ್ಲ" ಅನ್ನಬಹುದು. ಅಲ್ಲಿ ಫೀಲ್ಡ್ ಏರಿದಂತೆ ಪರ್ಮಿಟಿವಿಟಿ (ಚಾರ್ಜ್ ಹಿಡಿದಿಡುವ ಗುಣ) ಇಳಿಯುತ್ತದೆ. ಆಗ ಲೂಪ್ ಜೀಕುವುದಿಲ್ಲ, ನಿಧಾನವಾಗಿ ಒಂದೇ ಕಡೆಯಿಂದ ಹತ್ತಿರ ಬರುತ್ತದೆ. ಅವರ ಸೆಟ್ಟಿಂಗ್ ನಿಮಗೆ ಆಗಿಬರುವುದಿಲ್ಲ.

ಇನ್ನು ನ್ಯೂಟನ್. ಅದೇ ಉದಾಹರಣೆಯಲ್ಲಿ 0.5ರಿಂದ ಶುರು ಮಾಡಿದರೆ ಮೊದಲ ಹೆಜ್ಜೆಯಲ್ಲೇ ಫೀಲ್ಡ್ 50 ದಾಟುತ್ತದೆ. ಆಮೇಲೆ ಪ್ರತಿ ಹೆಜ್ಜೆಗೆ ಹತ್ತು ಪರ್ಸೆಂಟ್‌ನಷ್ಟೇ ಇಳಿಯುತ್ತದೆ. 1ರ ಹತ್ತಿರ ಬರಲು 35ಕ್ಕಿಂತ ಜಾಸ್ತಿ ಹೆಜ್ಜೆ ಬೇಕು. ನಿಮ್ಮ ಮಿತಿ 25. ಅದು ಕೆಟ್ಟು ನಿಂತಿದ್ದಲ್ಲ, ದಾರಿಯಲ್ಲಿ ಸಮಯ ಮುಗಿದಿರಬಹುದು. ಘಾತವನ್ನು 2, 4, 7, 10 ಅಂತ ಮೆಲ್ಲಗೆ ಏರಿಸಿ, ಪ್ರತಿ ಸಲ ಹಿಂದಿನ ಉತ್ತರವನ್ನೇ ಆರಂಭಕ್ಕೆ ಕೊಡಿ. ಸೊನ್ನೆಯಿಂದ ಶುರು ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ನನ್ನನ್ನು ಕೇಳಿದರೆ ಸ್ಟೇಷನರಿ ಸಾಲ್ವರ್ (ಕಾಲದ ಜೊತೆ ಏನೂ ಬದಲಾಗುವುದಿಲ್ಲ ಅಂದುಕೊಂಡು ಮಾಡುವ ಲೆಕ್ಕ) ಕೈಬಿಡುವುದೇ ಒಳ್ಳೆಯದು. ಕೇಬಲ್ ನಡೆಯುವುದು 50 ಹರ್ಟ್ಸ್‌ನಲ್ಲಿ. ಟೈಮ್ ಡೊಮೇನ್‌ಗೆ (ಕ್ಷಣ ಕ್ಷಣವಾಗಿ ಮುಂದೆ ಸಾಗುವ ಲೆಕ್ಕಕ್ಕೆ) ಹೋಗಿ, ಪರ್ಮಿಟಿವಿಟಿ ಭಾಗವನ್ನೂ ಸೇರಿಸಿ, ವೋಲ್ಟೇಜನ್ನು ಸೊನ್ನೆಯಿಂದ ಸೈನ್ ತರಂಗವಾಗಿ ಏರಿಸಿ. ಆ ಪರ್ಮಿಟಿವಿಟಿ ಭಾಗ ಲೀನಿಯರ್ (ಫೀಲ್ಡ್ ಎರಡು ಪಟ್ಟಾದರೆ ಅದೂ ಎರಡು ಪಟ್ಟು). ಟೈಮ್ ಸ್ಟೆಪ್ ಸಣ್ಣದಾದಷ್ಟೂ ಅದರ ತೂಕ ಹೆಚ್ಚು, ಸಾಲ್ವರ್‌ಗೆ ಅಷ್ಟೂ ಸುಲಭ. ಗಾಳಿಗೆ ಕಂಡಕ್ಟಿವಿಟಿ ಸೊನ್ನೆ ಕೊಟ್ಟರೆ ಸ್ಟೇಷನರಿಯಲ್ಲಿ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುವ (ಸಮೀಕರಣಗಳಿಗೆ ಒಂದೇ ಉತ್ತರ ಸಿಗದಂತಾಗುವ) ಕಾಟವೂ ಇಲ್ಲಿಲ್ಲ. ಒಂದೇ ಫ್ರೀಕ್ವೆನ್ಸಿಯ ಫೇಸರ್ ಲೆಕ್ಕ ಮಾತ್ರ ಮಾಡಬೇಡಿ. ನಾನ್‌ಲೀನಿಯರ್ ಪದರ ಹಾರ್ಮೋನಿಕ್ಸ್ (50 ಹರ್ಟ್ಸ್‌ನ ಗುಣಕವಾದ ಬೇರೆ ಫ್ರೀಕ್ವೆನ್ಸಿಗಳು) ಹುಟ್ಟಿಸುತ್ತದೆ, ಫೇಸರ್‌ನಲ್ಲಿ ಅವಕ್ಕೆ ಜಾಗವೇ ಇಲ್ಲ.

ಟೇಬಲ್ ಬಗ್ಗೆ ಸ್ವಲ್ಪ. ಅಕ್ಷ ಎರಡನ್ನೂ ಲಾಗ್‌ನಲ್ಲಿ ಇಟ್ಟು, ಮಧ್ಯೆ ನುಣುಪಾದ, ಏರುತ್ತಲೇ ಹೋಗುವ ಕರ್ವ್ ಹಾಕಿ. ನೇರ ಗೆರೆಗಳಿಂದ ಜೋಡಿಸಿದರೆ ಪ್ರತಿ ಬಿಂದುವಿನಲ್ಲೂ ಇಳಿಜಾರು ತಟ್ಟನೆ ಬದಲಾಗಿ ನ್ಯೂಟನ್ ಎಡವುತ್ತದೆ. ಇಟರೇಷನ್ ಮಧ್ಯೆ ಫೀಲ್ಡ್ ಟೇಬಲ್ ಆಚೆ ಹೋಗೇ ಹೋಗುತ್ತದೆ (ಮೇಲಿನ 50 ನೆನಪಿದೆಯಲ್ವಾ), ಆದ್ದರಿಂದ ಕೊನೆಯ ಬಿಂದುವಿನ ಆಚೆ ಕಂಡಕ್ಟಿವಿಟಿಗೆ ಮಿತಿ ಹಾಕಿ. ಫೀಲ್ಡ್ ಸೊನ್ನೆ ಇರುವಲ್ಲಿ ಅದರ ಮ್ಯಾಗ್ನಿಟ್ಯೂಡ್‌ನ ಡೆರಿವೇಟಿವ್ ಸೊನ್ನೆ ಬೈ ಸೊನ್ನೆ ಆಗುತ್ತದೆ. ವರ್ಗಮೂಲದ ಒಳಗೆ ಒಂದು ಪುಟ್ಟ ಸಂಖ್ಯೆ ಸೇರಿಸಿದರೆ ಸಾಕು. ಟೇಬಲ್ ಕೆವಿ ಪ್ರತಿ ಮಿಲಿಮೀಟರ್‌ನಲ್ಲಿದ್ದು ಸಾಫ್ಟ್‌ವೇರ್ ವೋಲ್ಟ್ ಪ್ರತಿ ಮೀಟರ್ ಅಂದುಕೊಂಡರೆ ಹತ್ತು ಲಕ್ಷ ಪಟ್ಟು ವ್ಯತ್ಯಾಸ, ಅದನ್ನೂ ನೋಡಿಬಿಡಿ.

ಶೀಲ್ಡ್ ತುದಿಯನ್ನು ಚೂಪಾಗಿ ಬರೆದಿದ್ದರೆ ಸಣ್ಣದಾಗಿ ದುಂಡಗೆ ಮಾಡಿ. ಚೂಪು ಮೂಲೆಯಲ್ಲಿ ಮೆಶ್ ಸಣ್ಣದಾದಷ್ಟೂ ಫೀಲ್ಡ್ ಏರುತ್ತಲೇ ಹೋಗುತ್ತದೆ. ಇಷ್ಟಾದ ಮೇಲೂ ನಿಂತರೆ, ನಿಂತ ಹೆಜ್ಜೆಯಲ್ಲಿ ಯಾವ ಎಲಿಮೆಂಟಿನಲ್ಲಿ ಎರರ್ ಜಾಸ್ತಿ ಇದೆ ಅಂತ ಚಿತ್ರ ಹಾಕಿ, ನೋಡೋಣ.